ಅರವತ್ತು ಎಕರೆ ಜೌಗು

ಮಾರ್ಚ್ 2

ಫೆಬ್ರವರಿಯ ಬಿರುಗಾಳಿಯಿಂದ ಆದ ಒಟ್ಟು ನಷ್ಟವನ್ನು ಇವತ್ತು ಕೂಡಿಸಿದೆ. ಪುರಸಭೆಯವರ ಲೆಕ್ಕ ಬರುವಷ್ಟರಲ್ಲಿ ಮುಂದಿನ ಬಿರುಗಾಳಿಯೇ ಬಂದಿರುತ್ತದೆ. ಅದಕ್ಕೇ ನನ್ನ ಲೆಕ್ಕ ನನಗೆ.

ಬಂದರು ಬೀದಿಯ ನೂರೈವತ್ತು ಮನೆ, ಅಂಗಡಿ, ಗೋದಾಮುಗಳಲ್ಲಿ ಎದೆಮಟ್ಟ ನೀರು. ಸಾಮಾನು, ಗೋಡೆ, ಯಂತ್ರ, ನಿಂತುಹೋದ ವ್ಯಾಪಾರ ಎಲ್ಲ ಸೇರಿ ನಾಲ್ಕು ಕೋಟಿ ಹತ್ತು ಲಕ್ಷ. ಕೆಳಬೀದಿಯ ನೂರನಲವತ್ತು ಮನೆಗಳಲ್ಲಿ ಹಾರಿಹೋದ ಹೆಂಚು, ಬಿದ್ದ ಎರಡು ಕಾಂಪೌಂಡು, ಒಂದು ಕೋಳಿಗೂಡು. ಎಷ್ಟು ಧಾರಾಳವಾಗಿ ಹಿಡಿದರೂ ಹತ್ತು ಲಕ್ಷ ದಾಟುವುದಿಲ್ಲ. ಒಂದೇ ಕಡಲು, ಒಂದೇ ಗಾಳಿ. ತಗ್ಗಿನಲ್ಲಿರುವುದು ಕೆಳಬೀದಿ, ಮುಳುಗಿದ್ದು ಎತ್ತರದ ಬಂದರು ಬೀದಿ. ಕೆಳಬೀದಿಗೂ ಕಡಲಿಗೂ ನಡುವೆ ಅರವತ್ತು ಎಕರೆ ಕೆಸರಿದೆ, ಅದರ ತುಂಬ ಆಳೆತ್ತರದ ಜೊಂಡು. ಬಂದರು ಬೀದಿಯ ಮುಂದೆಯೂ ಒಂದು ಕಾಲದಲ್ಲಿ ಅಂಥದೇ ಕೆಸರಿತ್ತಂತೆ. ಅದನ್ನು ತುಂಬಿಸಿ ಸಿಮೆಂಟ್ ಕಟ್ಟೆ ಕಟ್ಟಿದರು. ಕಟ್ಟೆ ಈಗ ಸ್ವಲ್ಪ ಇದೆ.

ನನ್ನ ಮಟ್ಟಿಗೆ ಹೇಳುವುದಾದರೆ ಸುಗ್ಗಿ. ಬೇರೆಯವರ ಮನೆ ಮುಳುಗಿದಾಗಲೇ ಹರಾಜುಗಾರನ ಅಂಗಡಿ ತೇಲುವುದು. ನೆಂದ ಬಟ್ಟೆಯ ಥಾನು, ತುಕ್ಕು ಹಿಡಿದ ಹೊಲಿಗೆ ಯಂತ್ರ, ಉಬ್ಬಿಕೊಂಡ ಮರದ ಬೀರು, ಎಲ್ಲಾ ನನ್ನ ಹಾಲ್‌ಗೇ ಬರುತ್ತಿವೆ. ಇವತ್ತು ನಲವತ್ತು ಬೀರು ಮಾರಿದೆ. ಒಂದರ ಬಾಗಿಲೂ ಮುಚ್ಚುವುದಿಲ್ಲ.

ಮಾರ್ಚ್ 14

ಅಕ್ಕನ ಮನೆಗೆ ಹೋಗಿದ್ದೆ. ಕೆಳಬೀದಿಯ ಮೂಲೆ ಮನೆ. ಮುಂದಿನ ಕೋಣೆಯಲ್ಲಿ ಅವಳ ಇಸ್ತ್ರಿ ಅಂಗಡಿ, ಪಕ್ಕದ ಕೋಣೆಯಲ್ಲಿ ಭಾವನ ಮಂಚ. ಎಂಟು ವರ್ಷವಾಯಿತು ಭಾವನ ಎಡಮೈಗೆ ಲಕ್ವ ಹೊಡೆದು. ಬಾಯಿಗೆ ಮಾತ್ರ ಏನೂ ಆಗಿಲ್ಲ. ದೋಣಿ ಕಟ್ಟೆಯಲ್ಲಿ ಟಿಕೇಟು ಹರಿಯುತ್ತಿದ್ದವರು. ಕಿಟಕಿಯಲ್ಲಿ ಹೋಗಿಬರುವವರನ್ನು ಈಗಲೂ ಪ್ರಯಾಣಿಕರನ್ನು ನೋಡಿದ ಹಾಗೇ ನೋಡುತ್ತಾರೆ.

"ಬಾರಯ್ಯಾ ಸುತ್ತಿಗೆ. ಊರು ಮುಳುಗಿಸಿ ಎಷ್ಟು ಗಂಟು ಮಾಡಿದೆ?"

"ಮುಳುಗಿಸಿದ್ದು ಕಡಲು ಭಾವ. ನಾನು ಹಿಂದೆ ಬಂದು ಗುಡಿಸಿಕೊಂಡೆ, ಅಷ್ಟೆ."

"ಆ ಕಡೆ ಮನೆಗಳಿಂದ ಬಂದ ಬೀರು ಒಂದು ನನಗೂ ಕೊಡು. ನಿನ್ನಕ್ಕ ಬೈಯುವಾಗ ಒಳಗೆ ಕೂತಿರ್ತೀನಿ."

"ಬಾಗಿಲು ಮುಚ್ಚಲ್ಲ ಭಾವ."

"ಹಾಗಿದ್ರೆ ಬೇಡ."

ಅಕ್ಕ ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು ನಕ್ಕಳು. ಬಂದರು ಬೀದಿಯ ಅರ್ಧ ಜನರ ಬಟ್ಟೆ ಅವಳ ಹತ್ತಿರ ಇದೆ. ಕೆಸರುನೀರಿನಲ್ಲಿ ನೆಂದದ್ದು, ಎಷ್ಟು ಒಗೆದರೂ ವಾಸನೆ ಹೋಗುತ್ತಿಲ್ಲವಂತೆ. ಅರ್ಧ ಕೂಲಿಗೆ ಮಾಡಿಕೊಡುತ್ತಿದ್ದಾಳೆ. ಇವಳಿಗೆ ವ್ಯಾಪಾರ ಬರುವುದಿಲ್ಲ ಎಂದು ಐವತ್ತು ವರ್ಷದಿಂದ ಹೇಳುತ್ತಿದ್ದೇನೆ. ಅಮ್ಮ ಹೋದಮೇಲೆ ನನ್ನನ್ನು ಸಾಕಿದವಳೂ ಇವಳೇ. ಆಗಲೂ ಅರ್ಧ ಕೂಲಿಗೇ.

ಬೀದಿಯಲ್ಲಿ ಒಬ್ಬ ಮೇಡಂ ಗೋಡೆ ಗೋಡೆಗೂ ಟೇಪು ಹಿಡಿದು ನೀರಿನ ಗುರುತು ಹುಡುಕುತ್ತಿದ್ದರು. ವಿಶ್ವವಿದ್ಯಾಲಯದವರು. ನಷ್ಟದ ಅಂದಾಜು ಮಾಡಲು ಪುರಸಭೆ ಕರೆಸಿದೆಯಂತೆ.

"ಇಲ್ಲಿ ಗುರುತೇ ಇಲ್ಲವಲ್ಲ" ಅಂದರು.

"ನೀರು ಬಂದಿದ್ದರೆ ತಾನೆ" ಅಂದಳು ಅಕ್ಕ.

"ಅದನ್ನೇ ಬರಕೊಳ್ತಾ ಇದೀನಿ."

ಏನೂ ಆಗದೇ ಇದ್ದದ್ದನ್ನು ಬರೆದುಕೊಳ್ಳಲು ಸಂಬಳ ಕೊಡುತ್ತಾರೆ. ನಾನು ತಪ್ಪು ಕಸುಬು ಹಿಡಿದೆ.

ಏಪ್ರಿಲ್ 9

ಲೆಕ್ಕದ ಮೇಡಂ ಇವತ್ತು ಪುರಸಭೆಯಲ್ಲಿ ವರದಿ ಓದಿದರು. ಕುರ್ಚಿಗಳು ನನ್ನ ಹಾಲ್‌ನಿಂದ ಬಾಡಿಗೆಗೆ ಹೋಗಿದ್ದವು, ಅವುಗಳ ಜೊತೆ ನಾನೂ ಹೋಗಿದ್ದೆ.

ಹೆಂಗಸು ಗಟ್ಟಿ. ನೀರು ಕುಡಿದಷ್ಟು ಸಲೀಸಾಗಿ ಹೇಳಿದರು. ಎರಡು ಬೀದಿಗಳ ನಷ್ಟದ ವ್ಯತ್ಯಾಸ ನಾಲ್ಕು ಕೋಟಿ. ಜೊಂಡು ಅಲೆಯ ಸೊಂಟ ಮುರಿಯುತ್ತದೆ, ಮಣ್ಣು ನೀರನ್ನು ಹೀರುತ್ತದೆ, ಉಳಿದ ನೀರು ಬೀದಿಗೆ ಬರುವಷ್ಟರಲ್ಲಿ ಗಾಳಿಯೇ ದಣಿದಿರುತ್ತದೆ. ಇಂಥ ಗಾಳಿ ಐದು ವರ್ಷಕ್ಕೊಮ್ಮೆ ಬರುತ್ತದೆಂದು ಹಿಡಿದರೂ ಆ ಜೌಗು ವರ್ಷಕ್ಕೆ ಎಂಬತ್ತು ಲಕ್ಷ ದುಡಿಯುತ್ತಿದೆ. ಎಕರೆಗೆ ಒಂದೂಕಾಲು ಲಕ್ಷಕ್ಕೂ ಮೇಲೆ. ಸಂಬಳ ಇಲ್ಲ, ರಜೆ ಇಲ್ಲ, ದುರಸ್ತಿಯೂ ಇಲ್ಲ.

ನನಗೆ ಮೈ ಜುಂ ಅಂದಿತು, ಸುಳ್ಳೇಕೆ. ಇಷ್ಟು ವರ್ಷ ಮೂಗು ಮುಚ್ಚಿಕೊಂಡು ಓಡಾಡಿದ ಕೆಸರು ವರ್ಷಕ್ಕೆ ಎಂಬತ್ತು ಲಕ್ಷದ ಆಳು!

ಅಧ್ಯಕ್ಷರು ಕನ್ನಡಕ ಏರಿಸಿಕೊಂಡು ಆ ಪುಟವನ್ನೇ ಎರಡು ಸಲ ಓದಿದರು. "ಇಷ್ಟು ಬೆಲೆಬಾಳುವ ಆಸ್ತಿ ನಮ್ಮ ಹತ್ರ ಇದೆ ಅಂತ ನಮಗೇ ಗೊತ್ತಿರಲಿಲ್ಲವಲ್ಲ ಮೇಡಂ" ಅಂದರು.

ಮೇಡಂ ಸಂತೋಷಪಟ್ಟರು. ಪಾಪ.

ಏಪ್ರಿಲ್ 11

ಅಧ್ಯಕ್ಷರು ಕರೆಸಿದ್ದರು. ಜೌಗನ್ನು ಹರಾಜಿಗೆ ಇಡುತ್ತಾರಂತೆ. ಬಂದರು ಬೀದಿಯ ಕಟ್ಟೆ ಮತ್ತೆ ಕಟ್ಟಬೇಕು, ಬೊಕ್ಕಸದಲ್ಲಿ ಕಾಸಿಲ್ಲ. ಬೆಲೆಬಾಳುವ ಆಸ್ತಿ ಮಾರದೆ ಇನ್ನೇನು ಮಾರುವುದು?

"ಅದು ಅಲ್ಲಿದ್ದರೆ ತಾನೇ ಸ್ವಾಮಿ ಬೆಲೆ?" ಅಂದೆ.

"ಎಂಬತ್ತು ಲಕ್ಷ ಯಾರ ಜೇಬಿಗೆ ಬರ್ತಾ ಇದೆ, ಹೇಳಿ. ರಸೀತಿ ತೋರಿಸಿ."

ಆಗದೇ ಹೋದ ನಷ್ಟಕ್ಕೆ ರಸೀತಿ ಹರಿಯುವವರು ಯಾರು?

ಕೆಸರಿನಿಂದ ಬಾಡಿಗೆ ಬರುವುದಿಲ್ಲವಾದ್ದರಿಂದ ಆರಂಭದ ಬೆಲೆ ನಲವತ್ತು ಲಕ್ಷ. ನನಗೆ ನೂರಕ್ಕೆ ಎರಡು. ಕೊಳ್ಳುವವನು ಯಾರೆಂದು ಎಲ್ಲರಿಗೂ ಗೊತ್ತು: ಲಾರಿ ಯಜಮಾನ. ಅವನಿಗೆ ಲಾರಿ ನಿಲ್ಲಿಸಲು ಜಾಗ ಬೇಕು, ಮಣ್ಣು ಸುರಿದು ಎತ್ತರಿಸಿ ಕಾಂಕ್ರೀಟು ಹಾಕುತ್ತಾನೆ.

ಒಪ್ಪಿಕೊಂಡೆ. ನಾನು ಬೇಡ ಅಂದರೆ ಪಕ್ಕದ ಊರಿನ ಹರಾಜುಗಾರ ಬರುತ್ತಾನೆ. ಅವನ ಗಂಟಲು ಕೇಳಿದರೆ ಜೊಂಡು ತಾನೇ ಒಣಗುತ್ತದೆ.

ಏಪ್ರಿಲ್ 25

ಅಕ್ಕ ಹಾಲ್‌ಗೆ ಬಂದಳು. ಬಾಗಿಲು ಮುಚ್ಚದ ಬೀರುಗಳ ನಡುವೆ ನಿಂತು ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಲೋ, ಆ ಹರಾಜಿನಲ್ಲಿ ಯಾರು ಬೇಕಾದರೂ ಕೂಗಬಹುದಾ?"

"ಕಾಸಿದ್ದವರು ಕೂಗಬಹುದು. ಬ್ಯಾಂಕಿನಲ್ಲಿ ಎಷ್ಟು ಇಟ್ಟಿದ್ದಾರೆ ಅಂತ ಪತ್ರ ತರಬೇಕು. ಅದಕ್ಕಿಂತ ಒಂದು ಕಾಸು ಜಾಸ್ತಿ ಕೂಗೋ ಹಾಗಿಲ್ಲ."

"ಹಾಗಿದ್ರೆ ನಮ್ಮ ಬೀದಿ ಕೂಗುತ್ತೆ."

"ಕೊಂಡುಕೊಂಡು ಏನು ಮಾಡ್ತೀರಿ?"

"ಏನೂ ಮಾಡಲ್ಲ. ಇದ್ದ ಹಾಗೇ ಇರುತ್ತೆ."

ಮೂವತ್ತೈದು ವರ್ಷದ ಕಸುಬಿನಲ್ಲಿ ಏನೂ ಮಾಡದೇ ಇರುವುದಕ್ಕೆ ಕೊಳ್ಳುವ ಗಿರಾಕಿಯನ್ನು ನಾನು ನೋಡಿಲ್ಲ. ಹಾಗೆಂದೆ. ಅವಳು ನಗಲಿಲ್ಲ.

"ನಿನ್ನ ಭಾವನ್ನ ಎತ್ತಿಕೊಂಡು ನಾನು ಯಾವ ಮೆಟ್ಟಿಲು ಹತ್ತಲೋ? ನೀರು ಬಂದರೆ ಅವರ ಮಂಚಕ್ಕೇ ಮೊದಲು ಬರೋದು."

ನನ್ನ ಮನೆಗೆ ಬಂದುಬಿಡಿ ಎಂದೆ. ಹಾಲ್‌ನ ಮೇಲೆ ಎರಡು ಕೋಣೆ ಇವೆ, ಹೆಂಡತಿ ಹೋದಮೇಲೆ ನಾನೊಬ್ಬನೇ. ಮೆಟ್ಟಿಲ ಕಡೆ ನೋಡಿದಳು. ಒಬ್ಬರು ಹತ್ತಿದರೆ ಇನ್ನೊಬ್ಬರು ಕಾಯಬೇಕು, ಅಷ್ಟು ಕಿರಿದು. "ಇಲ್ಲಿ ಅವರಿಗೆ ಕಿಟಕಿಯೂ ಇಲ್ಲ, ನನಗೆ ಗಿರಾಕಿಯೂ ಇಲ್ಲ" ಅಂದಳು. ನಾನೂ ಒತ್ತಾಯ ಮಾಡಲಿಲ್ಲ.

ಹೋಗುವಾಗ ಹೇಳಿದಳು: "ನಮ್ಮ ಪರ ಮೋಸ ಮಾಡು ಅಂತ ಹೇಳ್ತಿಲ್ಲ. ನಮ್ಮ ಕೂಗು ಕೇಳಿಸಿಕೋ, ಅಷ್ಟೇ ಸಾಕು."

ಮೇ 18

ಕೆಳಬೀದಿಯವರು ಹಣ ಎತ್ತುತ್ತಿದ್ದಾರೆ. ಬಡಗಿ ತನ್ನ ಹೊಸ ರಂದದ ಯಂತ್ರ ತಂದು ನನಗೇ ಹರಾಜಿಗೆ ಕೊಟ್ಟ. ಶಾಲೆಯ ಟೀಚರ್ ನಿವೃತ್ತಿಯ ಗಂಟು ಒಡೆದರು. ಅಕ್ಕ ಎಷ್ಟು ಹಾಕಿದಳೋ ಹೇಳುವುದಿಲ್ಲ. ಅವಳ ಕುತ್ತಿಗೆ ಮಾತ್ರ ಬರಿದಾಗಿದೆ.

ರಂದದ ಯಂತ್ರ ಒಳ್ಳೆಯ ಬೆಲೆಗೆ ಹೋಯಿತು. ನನ್ನ ಹಳೆಯ ಉಪಾಯವೇ ಕೆಲಸ ಮಾಡಿತು. 'ಎರಡು ಸಾರಿ' ಅಂದಮೇಲೆ ನಾನು ಮೂರು ಅನ್ನುವುದಿಲ್ಲ. ಕನ್ನಡಕ ತೆಗೆದು ನಿಧಾನಕ್ಕೆ ಒರೆಸುತ್ತೇನೆ. ಆ ಮೌನವನ್ನು ಮನುಷ್ಯನಿಗೆ ತಡೆದುಕೊಳ್ಳಲು ಆಗುವುದಿಲ್ಲ. ಬೇಡ ಅಂದುಕೊಂಡವನ ಕೈ ತಾನಾಗಿ ಏಳುತ್ತದೆ. ಬೇರೆಯವರು ಅರಚಿ ಬೆಲೆ ಏರಿಸುತ್ತಾರೆ. ನಾನು ಸುಮ್ಮನಿದ್ದು ಏರಿಸುತ್ತೇನೆ. ಫುಟ್‌ಪಾತಿನ ಮೇಲೆ ಹಳೇ ಬೂಟು ಮಾರುತ್ತಿದ್ದವನು ಈ ಹಾಲ್ ಕಟ್ಟಿದ್ದು ಆ ಒಂದು ಉಸಿರಿನಿಂದ.

ಬಡಗಿಗೆ ನನ್ನ ಪಾಲಿನ ಕಮಿಷನ್ ಬಿಟ್ಟುಬಿಟ್ಟೆ. ಬುದ್ಧಿ ಕೆಟ್ಟಿತ್ತು.

ಮೇ 30

ನಾಳೆ ಹರಾಜು. ಕೆಳಬೀದಿಯ ಬ್ಯಾಂಕಿನ ಪತ್ರ ಬಂದಿದೆ: ಎಪ್ಪತ್ತೊಂದು ಲಕ್ಷ. ಇಸ್ತ್ರಿ, ಬಡಗಿ, ಹೊಲಿಗೆ, ಪಾಠ, ಎಲ್ಲದರಿಂದ ಹಿಂಡಿ ತೆಗೆದ ಎಪ್ಪತ್ತೊಂದು.

ಲಾರಿ ಯಜಮಾನನಿಗೆ ದುಡ್ಡಿದೆ, ಆದರೆ ಜಿಪುಣ. ಎಪ್ಪತ್ತು ದಾಟಿದರೆ ಅವನು ಎದ್ದು ಹೋಗುತ್ತಾನೆ ಎಂದು ನನ್ನ ಲೆಕ್ಕ. ಬೀದಿಯವರು ಎಪ್ಪತ್ತೊಂದು ಅಂದ ಕೂಡಲೇ ಒಂದು, ಎರಡು, ಮೂರು ಎಂದು ಸುತ್ತಿಗೆ ಬಿಟ್ಟುಬಿಡಬೇಕು. ಅದು ಮೋಸವಲ್ಲ. ಎಷ್ಟು ಹೊತ್ತು ಕಾಯಬೇಕೆಂದು ಯಾವ ಕಾನೂನಿನಲ್ಲೂ ಬರೆದಿಲ್ಲ.

ಮೇ 31

ಹಾಲ್ ತುಂಬಿತ್ತು. ಕೆಳಬೀದಿಯವರು ಎಡಕ್ಕೆ, ಅವರ ಪರ ಕೂಗುವವರು ಟೀಚರ್. ಅವರ ಪಕ್ಕದಲ್ಲಿ ಅಕ್ಕ. ಬಲಕ್ಕೆ ಲಾರಿ ಯಜಮಾನ, ಮುಂದಿನ ಕುರ್ಚಿಯ ಮೇಲೆ ಕಾಲು ಚಾಚಿಕೊಂಡು.

ನಲವತ್ತು. ನಲವತ್ತೈದು. ಐವತ್ತು. ಅರವತ್ತರವರೆಗೆ ನೀರು ಹರಿದ ಹಾಗೆ ಹೋಯಿತು. ಅರವತ್ತೈದಕ್ಕೆ ಯಜಮಾನ ಕಾಲು ಕೆಳಗಿಳಿಸಿದ. ಅರವತ್ತೆಂಟು ಅಂದಾಗ ಹಣೆ ಒರೆಸಿಕೊಂಡ.

"ಎಪ್ಪತ್ತೊಂದು" ಅಂದರು ಟೀಚರ್. ಪೂರ್ತಿ ಹಣ ಒಂದೇ ಸಲಕ್ಕೆ.

ಯಜಮಾನ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಕುರ್ಚಿಯಿಂದ ಅರ್ಧ ಎದ್ದ. ನಾನು ಕೂಗಿದೆ. ಎಪ್ಪತ್ತೊಂದು ಲಕ್ಷ ಒಂದು ಸಾರಿ. ಎಪ್ಪತ್ತೊಂದು ಲಕ್ಷ ಎರಡು ಸಾರಿ.

ಆಮೇಲೆ ನೋಡುತ್ತೇನೆ, ಕನ್ನಡಕ ನನ್ನ ಕೈಯಲ್ಲಿದೆ.

ಒರೆಸುತ್ತಿದ್ದೆ. ಯಾವಾಗ ತೆಗೆದೆನೋ ನೆನಪಿಲ್ಲ. ಎದುರಿಗಿದ್ದವರೆಲ್ಲ ಮಸುಕು ಮಸುಕು. ಆ ಮಸುಕಿನಲ್ಲಿ ಬಲಗಡೆ ಒಂದು ಕೈ ಎದ್ದಿತು.

"ಎಪ್ಪತ್ತೆರಡು."

ಎಡಗಡೆಯವರ ಪತ್ರ ಎಪ್ಪತ್ತೊಂದಕ್ಕೇ ಮುಗಿದಿತ್ತು. ಕೂಗಲು ಏನೂ ಉಳಿದಿರಲಿಲ್ಲ. ಒಂದು ಸಾರಿ ಅಂದೆ. ಎರಡು ಸಾರಿ ಅಂದೆ. ಈ ಸಲ ನಿಜಕ್ಕೂ ಕಾದೆ. ಹಿಂದಿನಿಂದ ಯಾರೋ "ಇನ್ನೆರಡು ಲಕ್ಷ ನಾನು ಕೊಡ್ತೀನಿ" ಅಂದರು. "ಪತ್ರ ಎಲ್ಲಿ?" ಅಂದರು ಅಧ್ಯಕ್ಷರು. ಕಾದೆ. "ಏನ್ರೀ, ನಿದ್ದೆ ಬಂತಾ?" ಅಂದರು ಅಧ್ಯಕ್ಷರು.

ಮೂರು ಸಾರಿ.

ಜೂನ್ 1

ಸರಿಯಾಗಿ ಯೋಚಿಸಿದರೆ ಯಜಮಾನ ಹೇಗೂ ಕೂಗುತ್ತಿದ್ದ. ಎದ್ದದ್ದು ಹೋಗಲಿಕ್ಕೇ ಎಂದು ಹೇಗೆ ಹೇಳುವುದು? ಕಾಲು ಮರಗಟ್ಟಿದ್ದಿರಬಹುದು.

ಸಂಜೆ ಅಕ್ಕ ಬಂದು ಬುಟ್ಟಿಯಲ್ಲಿ ನನ್ನ ಅಂಗಿಗಳನ್ನು ಇಟ್ಟಳು, ಇಸ್ತ್ರಿ ಮಾಡಿದ್ದು. "ನೀನು ಎಷ್ಟು ಹೊತ್ತು ಕಾದೆಯೋ" ಅಂದಳು. "ನಮಗೋಸ್ಕರ ಕಾದೆ ಅಂತ ಬೀದಿಯೆಲ್ಲಾ ಮಾತಾಡ್ತಿದೆ. ಅಧ್ಯಕ್ಷರ ಹತ್ರ ಬೈಸಿಕೊಂಡೆ, ಪಾಪ."

ಅವಳು ಎರಡನೇ ಸಲ, ಎಪ್ಪತ್ತೆರಡರ ಮೇಲೆ ಕಾದದ್ದರ ಬಗ್ಗೆ ಹೇಳುತ್ತಿದ್ದಳು.

ಅಂಗಿಗೆ ಕಾಸು ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ.

ಜೂನ್ 12

ಲಾರಿ ಯಜಮಾನ ಹಾಲ್‌ಗೆ ಬಂದ. ಹಳೆಯ ನಾಲ್ಕು ಲಾರಿ ಹರಾಜಿಗೆ ಹಾಕಬೇಕಂತೆ, ನನಗೇ ಕೊಡುತ್ತಾನಂತೆ. ಟೀ ತರಿಸಿದೆ.

"ಹರಾಜಪ್ಪನೋರೆ, ನಿಮ್ಮ ಕೈಯಲ್ಲಿ ಮಾಯ ಇದೆ ಕಣ್ರೀ. ಎಪ್ಪತ್ತರ ಮೇಲೆ ಒಂದು ಕಾಸೂ ಕೊಡಲ್ಲ ಅಂತ ಮನೇಲಿ ಹೇಳಿ ಬಂದಿದ್ದೆ. ಎದ್ದೂ ಬಿಟ್ಟಿದ್ದೆ. ನೀವು ಸುಮ್ಮನೆ ನಿಂತಿರಿ ನೋಡಿ, ಯಾಕೋ ಮನಸ್ಸು ತಡೀಲಿಲ್ಲ."

"ನೀವು ಹೇಗೂ ಕೂಗ್ತಿದ್ರಿ ಬಿಡಿ."

"ಎಲ್ಲಿ! ಬಾಗಿಲಲ್ಲಿ ಡ್ರೈವರ್‌ಗೆ ಗಾಡಿ ತೆಗಿ ಅಂತ ಸನ್ನೆ ಕೂಡ ಮಾಡಿದ್ದೆ."

ಟೀ ಚೆನ್ನಾಗಿದೆ ಅಂದ.

ನನ್ನ ಕಮಿಷನ್ ಇವತ್ತು ಬಂತು. ಒಂದು ಲಕ್ಷದ ನಲವತ್ತನಾಲ್ಕು ಸಾವಿರ. ಎಪ್ಪತ್ತೊಂದಕ್ಕೆ ಹೋಗಿದ್ದರೆ ಒಂದು ನಲವತ್ತೆರಡು. ವ್ಯತ್ಯಾಸ ಎರಡು ಸಾವಿರ.

ಜೂನ್ 28

ಮಣ್ಣಿನ ಲಾರಿಗಳು ಶುರುವಾಗಿವೆ. ಮೊದಲು ಜೊಂಡು ಕತ್ತರಿಸಿದರು. ಬೀದಿಯ ತುದಿಯಲ್ಲಿ ನಿಂತರೆ ಈಗ ಕಡಲು ಕಾಣುತ್ತದೆ. ಕೆಲವರು 'ನೋಟ ಚೆನ್ನಾಗಾಯಿತು' ಅನ್ನುತ್ತಿದ್ದಾರೆ.

ಜುಲೈ 20

ಆ ಕಡೆ ಏನೋ ಕೆಲಸವಿತ್ತು, ಹೋಗಿದ್ದೆ. ಅರ್ಧ ತುಂಬಿದೆ. ಮಣ್ಣು ಬೀದಿಗಿಂತ ಎರಡಡಿ ಎತ್ತರ. ಮಳೆನೀರು ಹೋಗುತ್ತಿದ್ದ ಕಾಲುವೆಯ ಬಾಯಿ ಮುಚ್ಚಿಹೋಗಿದೆ. ಪೈಪು ಹಾಕುತ್ತೇವೆ ಅಂದರು ಅಲ್ಲಿನ ಮೇಸ್ತ್ರಿ. ಪೈಪು ತೋರಿಸಿದರು. ನನ್ನ ತೊಡೆಯಷ್ಟು ದಪ್ಪ ಇತ್ತು. ಅರವತ್ತು ಎಕರೆ ಮಾಡುತ್ತಿದ್ದ ಕೆಲಸ ಅದು ಮಾಡಬೇಕು.

ಬಾತುಕೋಳಿಗಳು ಹೊಸ ಮಣ್ಣಿನ ಮೇಲೆ ನಿಂತಿದ್ದವು. ವಿಳಾಸ ತಪ್ಪಿದವರ ಹಾಗೆ.

ಆಗಸ್ಟ್ 16

ಸಾಮಾನು ಕೊಟ್ಟವರಿಂದ ದೂರು. ನಾನು ಬೇಗ ಬೇಗ ಸುತ್ತಿಗೆ ಹೊಡೆಯುತ್ತೇನಂತೆ, ಬೆಲೆ ಏರಲು ಬಿಡುವುದಿಲ್ಲವಂತೆ. ಇವತ್ತು ಒಂದು ಪಿಯಾನೋ ಬಿಡಿಕಾಸಿಗೆ ಹೋಯಿತು. ವಯಸ್ಸಾಯಿತು, ನಿಲ್ಲಲು ಆಗುವುದಿಲ್ಲ, ಅಷ್ಟೆ. ಕನ್ನಡಕಕ್ಕೆ ದಾರ ಕಟ್ಟಿಸಿಕೊಂಡಿದ್ದೇನೆ, ಬೀಳದಿರಲಿ ಎಂದು.

ಸೆಪ್ಟೆಂಬರ್ 9

ಕೆಲಸವಿತ್ತು, ಆ ಕಡೆ ಹೋಗಿದ್ದೆ. ಪೂರ್ತಿ ತುಂಬಿದೆ.

ಭಾವನ ಜೊತೆ ಕೂತಿದ್ದೆ. ಲಾರಿ ಹೋದಾಗಲೆಲ್ಲ ಮಂಚ ನಡುಗುತ್ತದೆ. "ಕೂತಲ್ಲೇ ಪ್ರಯಾಣ" ಅಂದರು. "ಟಿಕೇಟೂ ಇಲ್ಲ."

ಮೇಲೆ ನನ್ನ ಕೋಣೆಗೆ ಬರುತ್ತೀರಾ, ಮುಂದೊಬ್ಬ ಹಿಂದೊಬ್ಬ ಹಿಡಿದು ಮೆಟ್ಟಿಲು ಹತ್ತಿಸುತ್ತಾರೆ ಎಂದು ಕೇಳಿದೆ. "ನಾನೇನು ಬೀರುವೇ?" ಅಂದರು.

ಅಕ್ಟೋಬರ್ 30

ರೇಡಿಯೋ ಕೊಂಡೆ. ಹವಾಮಾನ ಹೇಳುವುದು ಬಿಟ್ಟರೆ ಬೇರೆ ಕೇಳುವುದಿಲ್ಲ.

ನವೆಂಬರ್ 17

ಮಧ್ಯಾಹ್ನದಿಂದ ಗಾಳಿ. ಫೆಬ್ರವರಿಯದಕ್ಕಿಂತ ಸಣ್ಣದು ಎಂದು ರೇಡಿಯೋ ಹೇಳುತ್ತಿದೆ. ಹೋಗಿ ನೋಡಿ ಬರುತ್ತೇನೆ.

ನವೆಂಬರ್ 20

ಗಾಳಿ ನಿಜಕ್ಕೂ ಸಣ್ಣದೇ. ನನ್ನ ಹಾಲ್‌ನ ಒಂದು ಹೆಂಚೂ ಹಾರಲಿಲ್ಲ.

ನಾನು ಕೆಳಬೀದಿ ಮುಟ್ಟುವಷ್ಟರಲ್ಲಿ ನೀರು ಸೊಂಟಕ್ಕೆ ಬಂದಿತ್ತು. ಲಾರಿ ಅಂಗಳದ ಕಾಂಕ್ರೀಟಿನ ಮೇಲೆ ಅಲೆಗೆ ಏನೂ ಅಡ್ಡವಿಲ್ಲ. ಜಾರುಬಂಡೆಯಲ್ಲಿ ಮಕ್ಕಳು ಬಂದ ಹಾಗೆ ಬಂದು ಬೀದಿಗೆ ಬೀಳುತ್ತಿತ್ತು. ಬಿದ್ದ ನೀರಿಗೆ ಹಿಂದಕ್ಕೆ ಹೋಗಲು ದಾರಿಯಿಲ್ಲ.

ಅಕ್ಕನ ಬಾಗಿಲು ನೀರಿನ ಒತ್ತಡಕ್ಕೆ ತೆರೆಯಲಿಲ್ಲ. ಬಡಗಿಯೂ ನಾನೂ ಕಿಟಕಿ ಒಡೆದೆವು. ಇಸ್ತ್ರಿ ಮೇಜಿನ ಮೇಲೆ ಭಾವನನ್ನು ಹೇಗೋ ಎಳೆದು ಮಲಗಿಸಿದ್ದಳು. ಮೇಜಿನ ಮೇಲೂ ನೀರು. ಅವಳು ಎದೆಮಟ್ಟ ನೀರಿನಲ್ಲಿ ನಿಂತು ಎರಡು ಕೈಯಲ್ಲೂ ಅವರ ತಲೆ ಎತ್ತಿ ಹಿಡಿದಿದ್ದಳು. ಸುತ್ತ ಊರಿನವರ ಬಟ್ಟೆಗಳು ತೇಲುತ್ತಿದ್ದವು. ಎಷ್ಟು ಹೊತ್ತಾಯಿತು ಅಂದೆ. "ಗೊತ್ತಿಲ್ಲ ಕಣೋ, ಕೈ ಬಿಡೋಕೆ ಆಗ್ತಿಲ್ಲ" ಅಂದಳು. ಭಾವನನ್ನು ಕಿಟಕಿಯಿಂದ ಆಚೆ ತೆಗೆದ ಮೇಲೂ ಅವಳ ಕೈ ಹಾಗೇ ಇತ್ತು.

ಭಾವ ಆಸ್ಪತ್ರೆಯಲ್ಲಿದ್ದಾರೆ. ಕೆಸರುನೀರು ಎದೆಗೆ ಹೋಗಿದೆ.

ನವೆಂಬರ್ 26

ಅಕ್ಕ ಸ್ವಲ್ಪ ಮಲಗಲಿ ಎಂದು ಮಧ್ಯಾಹ್ನ ನಾನು ಕೂರುತ್ತೇನೆ. ಭಾವನಿಗೆ ಉಸಿರಾಡುವುದೇ ಕೂಲಿ ಕೆಲಸವಾಗಿದೆ. ಇವತ್ತು ಕಣ್ಣು ತೆರೆದು ನನ್ನನ್ನೇ ನೋಡಿದರು.

"ನಿನ್ನಕ್ಕ ಹೇಳ್ತಿದ್ಲು. ನೀನು ನಮಗೋಸ್ಕರ ಕಾದೆ ಅಂತ."

"ಹ್ಞೂಂ ಭಾವ."

ಉಸಿರು ಎಳೆದುಕೊಂಡು ಕೇಳಿದರು: "ಎಪ್ಪತ್ತೊಂದಕ್ಕೂ ಕನ್ನಡಕ ಒರೆಸಿದೆಯೇನೋ?"

ಆ ದಿನ ಅವರು ಹಾಲ್‌ನಲ್ಲಿ ಇರಲಿಲ್ಲ. ಆದರೆ ನನ್ನನ್ನು ಬೂಟು ಮಾರುವ ಕಾಲದಿಂದ ನೋಡಿದವರು.

"ಹೌದು ಭಾವ" ಅಂದೆ.

ತಲೆಯಾಡಿಸಿದರು. "ಒಳ್ಳೇ ಕೆಲಸಗಾರ ಕಣಯ್ಯಾ ನೀನು" ಅಂದರು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಲು ಆಗದೆ, ನನ್ನ ಕೈಲೇ ತಿರುಗಿಸಿಕೊಂಡರು.

ನವೆಂಬರ್ 28

ಭಾವ ಹೋದರು. ಕನ್ನಡಕದ ಮಾತು ಅವರು ಅಕ್ಕನಿಗೆ ಹೇಳಿರಲಿಲ್ಲ.

ಡಿಸೆಂಬರ್ 7

ಹಾಲ್‌ಗೆ ಬೀಗ ಹಾಕಿದ್ದೇನೆ, ಸ್ವಲ್ಪ ದಿನಕ್ಕೆ. ಇಲ್ಲೇ ಅಕ್ಕನ ಮನೆಯಲ್ಲಿದ್ದೇನೆ. ಗೋಡೆ ಒಣಗುವವರೆಗೆ ಯಾರಾದರೂ ಜೊತೆಗಿರಬೇಕಲ್ಲ. ಬೆಳಿಗ್ಗೆ ಕೆಸರು ಬಾಚುತ್ತೇನೆ, ಮಧ್ಯಾಹ್ನ ಬಟ್ಟೆ ಹಿಂಡುತ್ತೇನೆ. ಕೆಳಬೀದಿಯ ಸಾಮಾನು ಹರಾಜಿಗೆ ತೆಗೆದುಕೊಳ್ಳಿ ಎಂದು ಇಬ್ಬರು ಕೇಳಿದರು. ಪಕ್ಕದ ಊರಿನವನ ಹತ್ತಿರ ಕಳಿಸಿದೆ. ಅವನದು ಗಟ್ಟಿ ಗಂಟಲು.

ಲೆಕ್ಕದ ಮೇಡಂ ಮತ್ತೆ ಟೇಪು ಹಿಡಿದು ಬಂದಿದ್ದರು. ಈ ಸಲ ಗುರುತು ಹುಡುಕಬೇಕಾಗಿರಲಿಲ್ಲ. ಅಕ್ಕನ ಗೋಡೆ ಅಳೆಯುವಾಗ ಟೇಪು ಕೈಜಾರಿ ಬಿತ್ತು. "ಜೌಗು ಇದ್ದಾಗ ಒಂದು ಲೆಕ್ಕ, ಇಲ್ಲದಾಗ ಒಂದು ಲೆಕ್ಕ, ಒಂದೇ ಬೀದಿಯದು. ಇಂಥ ಅಂಕಿ ಪ್ರಪಂಚದಲ್ಲಿ ಯಾರ ಹತ್ರವೂ ಇಲ್ಲ" ಅಂದು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತರು. ಅಕ್ಕ ಟೀ ಮಾಡಿಕೊಟ್ಟಳು.

ಡಿಸೆಂಬರ್ 21

ಕೆಳಬೀದಿಯ ನಷ್ಟ ಮೇಡಂ ಪ್ರಕಾರ ಮೂರು ಕೋಟಿ ಅರವತ್ತು ಲಕ್ಷ. ಅದರಲ್ಲಿ ಭಾವ ಇಲ್ಲ. ಅವರನ್ನು ಯಾವ ಕಾಲಮ್ಮಿಗೆ ಹಾಕುವುದೋ ತಿಳಿಯಲಿಲ್ಲ ಅಂದರು.

ಇನ್ನು ಯಾರಿಗೆ ಏನು ಬಂತು ಎನ್ನುವುದು.

ಪುರಸಭೆಗೆ: ಎಪ್ಪತ್ತೆರಡು ಲಕ್ಷ. ಅರ್ಧ ಕಟ್ಟಿದ ಕಟ್ಟೆಗೆ ಹೋಯಿತು, ಆ ಅರ್ಧ ನವೆಂಬರಿನಲ್ಲಿ ಹೋಯಿತು.

ಲಾರಿ ಯಜಮಾನನಿಗೆ: ಅರವತ್ತು ಎಕರೆ ಅಂಗಳ. ಲಾರಿಗಳಿಗೆ ವಿಮೆ ಇತ್ತು, ಹೊಸವು ಬಂದಿವೆ.

ಲೆಕ್ಕದ ಮೇಡಂಗೆ: ಅಂಕಿ.

ಕೆಳಬೀದಿಗೆ: ಬ್ಯಾಂಕಿನಿಂದ ವಾಪಸು ಬಂದಿದ್ದ ಅವರದೇ ಎಪ್ಪತ್ತೊಂದು ಲಕ್ಷ. ಕೆಸರು ಎತ್ತಲು, ಬಾಗಿಲು ಕೂರಿಸಲು ಖರ್ಚಾಗುತ್ತಿದೆ.

ಅಕ್ಕನಿಗೆ: ನಿದ್ದೆ. ಎಂಟು ವರ್ಷದಿಂದ ರಾತ್ರಿ ಎರಡು ಸಲ ಎದ್ದು ಭಾವನನ್ನು ಮಗ್ಗುಲು ತಿರುಗಿಸುತ್ತಿದ್ದಳು, ಈಗ ಆ ಕೆಲಸ ಇಲ್ಲ. ಏಳುತ್ತಾಳೆ.

ನನಗೆ: ನೂರಕ್ಕೆ ಎರಡು. ಪೂರ್ತಿ ಸಂದಿದೆ.